ಗಿರಿಯ ಕಾಫಿ, ಬಯಲಿನ ಕೈ

(ಮಾಯಕೊಂಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಉಪನ್ಯಾಸದ ವಿಷಯ ಕಾಫಿ ಎಂದು ತಿಳಿಸಿದಾಗ ಸಂಘಟಕರಲ್ಲಿ ಒಬ್ಬರು, ‘ಸಾರ್, ನಮ್ಮ ಕಡೆ ಖಾರ ಮಂಡಕ್ಕಿ, ಮಿರ್ಚಿ ತಿಂದು ಚಾ ಕುಡಿಯೋ ಮಂದಿ. ಕಾಫಿ ಕತೆ ಕೇಳೋಕೆ ಯಾರು ಬರ್ತಾರೆ?’ ಎಂದರು. ನ್ಯಾಯವಾದ ಪ್ರಶ್ನೆ. ನಮ್ಮ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುತ್ತದೆ, ನೀರು ಸಿಕ್ಕಲ್ಲಿ ಅಡಿಕೆ ಏಳುತ್ತಿದೆ. ಈ ಬಟಾಬಯಲಲ್ಲಿ ಕಾಫಿ ಗಿಡ ನೆಟ್ಟರೆ ಅದು ಒಂದು ಬೇಸಿಗೆಯನ್ನೂ ದಾಟಲಿಕ್ಕಿಲ್ಲ. ಆದರೂ ಇದೇ ಊರಿನಲ್ಲಿ ನಿಂತು ಕಾಫಿಯ ಮಾತನ್ನಾಡಲು ನನಗೆ ಕಾರಣವಿದೆ.

ಇತಿಹಾಸದ ಪುಸ್ತಕ ತೆರೆದರೆ ಮಲೆನಾಡಿಗೂ ಮಾಯಕೊಂಡಕ್ಕೂ ಇರುವ ದೊಡ್ಡ ಸಂಬಂಧ ಯುದ್ಧದ್ದು. 1748ರಲ್ಲಿ ಚಿತ್ರದುರ್ಗದ ಮದಕರಿನಾಯಕ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಕೂಡುಪಡೆಯನ್ನು ಎದುರಿಸಿ ಮಡಿದದ್ದು ಈ ನೆಲದಲ್ಲಿ. ಮೆಣಸಿನ ಹಣದಿಂದ ಸಿರಿವಂತವಾಗಿದ್ದ ಮಲೆನಾಡಿನ ಬಿದನೂರು ದಂಡು ಕಟ್ಟಿಕೊಂಡು ಇಲ್ಲಿಯವರೆಗೆ ಇಳಿದು ಬಂದಿತ್ತು. ಈಗ ಸಂಚಾರ ಎದುರು ದಿಕ್ಕಿನದು. ಮೆಕ್ಕೆಜೋಳ ಮುರಿದು ಮುಗಿಯುತ್ತಿದ್ದಂತೆ ದಾವಣಗೆರೆ, ಹರಪನಹಳ್ಳಿ, ಚಿತ್ರದುರ್ಗ ಸೀಮೆಯ ಹಳ್ಳಿಗಳಿಂದ, ತಾಂಡಾಗಳಿಂದ ಜನ ಪಾತ್ರೆ-ಪಗಡ, ಹೊದಿಕೆ ಗಂಟು ಕಟ್ಟಿಕೊಂಡು ಗುಳೆ ಹೋಗುತ್ತಾರೆ. ಕೆಲವರು ಕಬ್ಬು ಕಡಿಯಲು ಹೋದರೆ, ಕೆಲವರು ಕಾಫಿ ಸೀಮೆಗೆ ಹೋಗುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಕೊಡಗು. ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಅಪ್ಪ-ಅವ್ವನ ಜೊತೆ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಒಂದು ಸುಗ್ಗಿ ಕಳೆದವರು ಇರಬಹುದು. ನಾನು ಹೇಳುವುದರಲ್ಲಿ ಎಷ್ಟೋ ಭಾಗ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಇತ್ತೀಚೆಗೆ ನಗರಗಳಲ್ಲಿ ಸ್ಪೆಷಾಲಿಟಿ ಕಾಫಿ ಎಂಬುದು ಬಂದಿದೆ. ಕಾಲು ಕೆ.ಜಿ. ಪೊಟ್ಟಣಕ್ಕೆ 500 ರೂಪಾಯಿಯ ಆಸುಪಾಸು. ಪೊಟ್ಟಣದ ಮೇಲೆ ತೋಟದ ಹೆಸರು, ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರ, ಯಾವ ತಳಿ, ಹಣ್ಣನ್ನು ಹೇಗೆ ಒಣಗಿಸಿದರು, ಯಾವ ದಿನ ಹುರಿದರು ಎಲ್ಲವೂ ಅಚ್ಚಾಗಿರುತ್ತದೆ. ಬೆಳೆದವರ ಹೆಸರು ಕುಡಿಯುವವರಿಗೆ ತಲುಪುತ್ತಿರುವುದು ಸಂತೋಷದ ಸಂಗತಿ. ಅದು ಎಷ್ಟು ಹೊಸದು, ಎಷ್ಟು ಕಷ್ಟದಿಂದ ಬಂದದ್ದು ಎಂಬುದನ್ನು ಮೊದಲು ಹೇಳುತ್ತೇನೆ. ಆ ಹೆಸರು ತೋಟದ ಗೇಟಿನ ಹತ್ತಿರ ಬಂದು ಯಾಕೆ ನಿಂತುಬಿಟ್ಟಿದೆ ಎಂಬುದು ನನ್ನ ನಿಜವಾದ ಪ್ರಶ್ನೆ.

ಎರಡನೇ ಮಹಾಯುದ್ಧ ಶುರುವಾದಾಗ ಯುರೋಪಿನ ಮಾರುಕಟ್ಟೆ ಮುಚ್ಚಿತು. ಕೊಳ್ಳುವವರಿಲ್ಲದೆ ಕಾಫಿ ಗೋದಾಮಿನಲ್ಲಿ ಉಳಿಯಿತು. ಬೆಳೆಗಾರರನ್ನು ಉಳಿಸಲೆಂದು ಸರ್ಕಾರ 1942ರ ಕಾಫಿ ಕಾಯ್ದೆಯನ್ನು ತಂದಿತು. ಮನೆಬಳಕೆಗೆ, ಬಿತ್ತನೆಗೆ ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನೆಲ್ಲ ಬೆಳೆಗಾರ ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು, ಮಂಡಳಿ ಅದನ್ನು ಹರಾಜು ಹಾಕಿ, ಬಂದ ಹಣವನ್ನು ಗ್ರೇಡಿನ ಪ್ರಕಾರ ಕಂತು ಕಂತಾಗಿ ಹಂಚುತ್ತಿತ್ತು. ದಾವಣಗೆರೆ ಎಪಿಎಂಸಿಯಲ್ಲಿ ನಿಮ್ಮ ಹೊಲದ ಮೆಕ್ಕೆಜೋಳವೂ ಪಕ್ಕದವರದೂ ಒಂದೇ ರಾಶಿಗೆ ಬಿದ್ದ ಮೇಲೆ ಯಾವುದು ಯಾರದೆಂದು ಹೇಳಲಾದೀತೆ? ಕಾಫಿಯ ಸ್ಥಿತಿಯೂ ಹಾಗೇ ಆಯಿತು. ಗಿರಿಯ ತುದಿಯ ತೋಟದ್ದು, ತಗ್ಗಿನ ತೋಟದ್ದು, ಜತನವಾಗಿ ಒಣಗಿಸಿದ್ದು, ಮಳೆಯಲ್ಲಿ ನೆನೆಸಿದ್ದು ಎಲ್ಲವೂ ಗಾತ್ರ, ದೋಷ ನೋಡಿ ‘ಪ್ಲಾಂಟೇಶನ್ ಎ’, ‘ಪೀಬರಿ’ ಎಂದು ವಿಂಗಡಣೆಯಾಗಿ ಹಡಗು ಹತ್ತಿದವು. ತನ್ನ ಕಾಫಿ ಯಾವ ದೇಶಕ್ಕೆ ಹೋಯಿತು, ಕುಡಿದವರು ಏನೆಂದರು ಎಂಬುದು ಬೆಳೆಗಾರನಿಗೆ ತಿಳಿಯಲಿಲ್ಲ. ಎಷ್ಟೋ ಜನ ತಮ್ಮ ತೋಟದ ಕಾಫಿಯನ್ನು ಬೇರೆಯಾಗಿ ಹುರಿದು ಕುಡಿದೂ ನೋಡಿರಲಿಲ್ಲ.

ಪೂಲ್ ಪದ್ಧತಿಯನ್ನು ಈಗ ಬೈಯುವುದು ಸುಲಭ. ನಾನು ಪೂರ್ತಿ ಬೈಯಲಾರೆ. ಎರಡು-ಮೂರು ಎಕರೆಯ ಬೆಳೆಗಾರನಿಗೆ ಅದು ಆಸರೆಯಾಗಿತ್ತು. ಜಗತ್ತಿನ ಬೆಲೆ ಎಷ್ಟೇ ಕುಣಿದರೂ ಆ ಪೆಟ್ಟು ನೇರವಾಗಿ ಅವನ ಮನೆಗೆ ಬರುತ್ತಿರಲಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು, ಸೋವಿಯತ್ ಒಕ್ಕೂಟ ಕುಸಿಯಿತು, 1992ರಿಂದ ಭಾರತದಲ್ಲಿ ಪೂಲ್ ಹಂತಹಂತವಾಗಿ ಸಡಿಲಗೊಂಡು 1996ಕ್ಕೆ ಬೆಳೆಗಾರ ಪೂರ್ತಿ ಸ್ವತಂತ್ರನಾದ. ಆ ನಡುವೆ 1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಬೆಲೆ ಆಕಾಶಕ್ಕೆ ಏರಿತ್ತು. ಚಿಕ್ಕಮಗಳೂರಿನಲ್ಲಿ ಹೊಸ ಕಾರು, ಹೊಸ ಮನೆ, ಹೊಸ ಸಾಲ ಎಲ್ಲ ಬಂದವು. 2001-02ರ ಹೊತ್ತಿಗೆ ಬೆಲೆ ಪಾತಾಳಕ್ಕೆ ಇಳಿದಾಗ ಸಾಲ ಮಾತ್ರ ಉಳಿಯಿತು. ಸ್ವಾತಂತ್ರ್ಯದ ಮೊದಲ ಪಾಠ ಹೀಗೆ ದುಬಾರಿಯಾಗಿತ್ತು.

ಕೆಲವು ಬೆಳೆಗಾರರು ಅದೇ ಕಷ್ಟದಲ್ಲಿ ಇನ್ನೊಂದು ದಾರಿ ಹುಡುಕಿದರು. ರಾಶಿಯ ಬೆಲೆ ನಮ್ಮ ಕೈಯಲ್ಲಿಲ್ಲ, ರಾಶಿಯಿಂದ ಹೊರಬರುವುದು ನಮ್ಮ ಕೈಯಲ್ಲಿದೆ ಎಂದು ಅವರಿಗೆ ಹೊಳೆಯಿತು. ಅಮೆರಿಕದಲ್ಲಿ ಅರ್ನಾ ಕ್ನಟ್‌ಸನ್ ಎಂಬ ಕಾಫಿ ವ್ಯಾಪಾರಿ ಮಹಿಳೆ 1974ರಲ್ಲೇ ‘ಸ್ಪೆಷಾಲಿಟಿ ಕಾಫಿ’ ಎಂಬ ಹೆಸರನ್ನು ಬಳಸಿದ್ದರು. ಒಂದೊಂದು ನೆಲದ ಹವೆ, ಮಣ್ಣು ಕಾಫಿಗೆ ಒಂದೊಂದು ರುಚಿ ಕೊಡುತ್ತವೆ, ಅದನ್ನು ಬೆರೆಸದೆ ಬೇರೆಯಾಗಿಯೇ ಮಾರಬೇಕು ಎಂಬುದು ಅವರ ವಾದ. ಇಲ್ಲಿ ಕಾಫಿ ಮಂಡಳಿಯ ರುಚಿ ಪರೀಕ್ಷಾ ವಿಭಾಗದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದ ಸುನಲಿನಿ ಮೆನನ್, ಮಾರುಕಟ್ಟೆ ಮುಕ್ತವಾದ ಮೇಲೆ ಬೆಂಗಳೂರಿನಲ್ಲಿ ‘ಕಾಫಿಲ್ಯಾಬ್’ ತೆರೆದರು. ದೇಶದ ಮೊದಲ ವೃತ್ತಿಪರ ಕಾಫಿ ರುಚಿ ಪರೀಕ್ಷಕಿ ಎಂದು ಹೆಸರಾದ ಅವರ ಮೇಜಿಗೆ ಬೆಳೆಗಾರರು ತಮ್ಮ ತೋಟದ ಬೀಜ ಹಿಡಿದುಕೊಂಡು ಹೋದರು. 2002ರಲ್ಲಿ ಮಂಡಳಿಯೇ ಉತ್ತಮ ಕಾಫಿಗಳಿಗೆ ಪ್ರಶಸ್ತಿ ಶುರು ಮಾಡಿತು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ, ವಯನಾಡಿನ ರೊಬಸ್ಟಾಕ್ಕೆ, ಆಂಧ್ರದ ಅರಕು ಕಣಿವೆಯ ಅರೇಬಿಕಾಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿಗೆ ಬಂತು. ಅದು ಏಷ್ಯಾದಲ್ಲಿ ನಡೆದದ್ದು ಅದೇ ಮೊದಲು.

ಇದನ್ನೆಲ್ಲ ಓದಿ ತಿಳಿಯಬಹುದು, ಹೋಗಿ ನೋಡಿದರೆ ತಿಳಿಯುವುದು ಬೇರೆ. ಹೋಗುವುದು ನಮಗೇನು ದೂರವಲ್ಲ. ನಿಮ್ಮೂರಿನ ಸ್ಟೇಷನ್ನಿನಿಂದ ಬೆಂಗಳೂರು ಕಡೆಯ ಗಾಡಿ ಹತ್ತಿದರೆ ಚಿಕ್ಕಜಾಜೂರು, ಹೊಸದುರ್ಗ ರೋಡ್, ಅಜ್ಜಂಪುರ ದಾಟಿ ಬೀರೂರು. ಆ ಹೊತ್ತಿಗೆ ಬಲಗಡೆಯ ಕಿಟಕಿಯಲ್ಲಿ ಗಿರಿಸಾಲು ನೀಲಿಯಾಗಿ ಏಳುತ್ತದೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಿಂದ ರೈಲೂ ಇದೆ. ಸುಮಾರು 600 ಮೀಟರ್ ಎತ್ತರದ ನಮ್ಮ ಬಯಲಿನಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಬುಡಕ್ಕೆ ಅರ್ಧ ದಿನದೊಳಗೆ ಹೋಗಿ ನಿಲ್ಲಬಹುದು.

ಅಲ್ಲಿ ಎಲ್ಲರೂ ಹೇಳುವ ಕತೆ ನಿಮಗೂ ಗೊತ್ತಿರುತ್ತದೆ. ಬಾಬಾಬುಡನ್ ಎಂಬ ಸಂತರು ಹದಿನೇಳನೇ ಶತಮಾನದಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮನ್ನಿನ ಮೋಕಾದಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬುದು ಆ ಕತೆ. ಹಸಿ ಬೀಜ ಹೊರಗೆ ಹೋಗದಂತೆ ಅರಬರು ಕಾವಲಿಟ್ಟಿದ್ದ ಕಾಲವದು. ಕತೆಯಷ್ಟೇ ಸ್ವಾರಸ್ಯದ ಸಂಗತಿ ಮುಂದಿನದು. 1690ರ ದಶಕದಲ್ಲಿ ಡಚ್ಚರು ನಮ್ಮ ಮಲಬಾರ್ ಕರಾವಳಿಯಿಂದಲೇ ಸಸಿಗಳನ್ನು ಜಾವಾಕ್ಕೆ ಒಯ್ದರು. ಅಲ್ಲಿಂದ ಗಿಡ ಆಮ್‌ಸ್ಟರ್‌ಡ್ಯಾಮಿನ ಉದ್ಯಾನಕ್ಕೆ, ಅಲ್ಲಿಂದ ಅಮೆರಿಕ ಖಂಡಕ್ಕೆ ಹೋಯಿತು. ಇವತ್ತು ಲ್ಯಾಟಿನ್ ಅಮೆರಿಕದ ಕಾಫಿಯನ್ನು ದೊಡ್ಡ ಬೆಲೆ ಕೊಟ್ಟು ತರಿಸುವ ನಮ್ಮ ಶ್ರೀಮಂತರು ಅದರ ವಂಶಾವಳಿ ಈ ಕರಾವಳಿಯನ್ನು ಮುಟ್ಟಿ ಹೋದದ್ದನ್ನು ನೆನೆದರೆ ಒಳ್ಳೆಯದು.

ಬಾಬಾಬುಡನ್‌ಗಿರಿ ನೋಡಿ, ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು, ಹೋಂಸ್ಟೇಯಲ್ಲಿ ಅಕ್ಕಿ ರೊಟ್ಟಿ ತಿಂದು ಹಿಂದಿರುಗುವವರು ಲಕ್ಷಗಟ್ಟಲೆ. ಅವರಲ್ಲಿ ಬಹುಪಾಲು ಜನ ಕಾಫಿ ಗಿಡದ ನಡುವೆ ಓಡಾಡಿ ಬಂದರೂ ಕಾಫಿಯನ್ನು ನೋಡಿರುವುದಿಲ್ಲ. ನೋಡಬೇಕೆಂದರೆ ಡಿಸೆಂಬರ್-ಜನವರಿಯಲ್ಲಿ ಹೋಗಿ, ಬೆಳಿಗ್ಗೆ ಮಂಜು ಹರಿಯುವ ಮುಂಚೆ ತೋಟದಲ್ಲಿ ನಿಲ್ಲಬೇಕು.

ನಮ್ಮ ಕಾಫಿ ನೆರಳಿನ ಬೆಳೆ. ಬ್ರೆಜಿಲ್ಲಿನಲ್ಲಿ ಬಯಲು ಹೊಲದಲ್ಲಿ ಸಾಲು ಹಿಡಿದು ಬೆಳೆದು ಯಂತ್ರದಿಂದ ಕೊಯ್ಯುತ್ತಾರೆ. ಇಲ್ಲಿ ಮೇಲೆ ಅತ್ತಿ, ಹಲಸು, ನಂದಿ, ಮತ್ತಿ, ಅದರ ಕೆಳಗೆ ಹಾಲವಾಣ, ಮರಕ್ಕೆಲ್ಲ ಮೆಣಸಿನ ಬಳ್ಳಿ, ಅದರಡಿ ಕಾಫಿ. ಇಳಿಜಾರು ನೆಲ. ಯಂತ್ರ ಹೋಗುವುದಿಲ್ಲ, ಮನುಷ್ಯರೇ ಹೋಗಬೇಕು. ಮಾರ್ಚ್-ಏಪ್ರಿಲ್ ಹೊತ್ತಿಗೆ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ. ಹೂವು ಒಂದೇ ಸಲ ಅರಳಿದರೂ ಹಣ್ಣು ಒಂದೇ ಸಲ ಮಾಗುವುದಿಲ್ಲ. ಒಂದೇ ಗೊಂಚಲಲ್ಲಿ ಹಸಿರು ಕಾಯಿ, ದೋರೆ, ಕೆಂಪು ಹಣ್ಣು, ಒಣಗಿ ಕಪ್ಪಾದದ್ದು ಎಲ್ಲವೂ ಇರುತ್ತವೆ.

ಒಳ್ಳೆಯ ಕಾಫಿಯ ಗುಟ್ಟು ಈ ಗೊಂಚಲಿನಲ್ಲಿದೆ. ಹಸಿರು ಕಾಯಿ ಬೆರೆತರೆ ಕಪ್ಪಿನಲ್ಲಿ ಒಗರು, ಕೊಳೆತ ಹಣ್ಣು ಬೆರೆತರೆ ಹುಳಿತ ವಾಸನೆ. ಮೊದಲು ಅಲ್ಲೊಂದು ಇಲ್ಲೊಂದು ಮಾಗಿದ್ದನ್ನು ಆರಿಸುವ ‘ಫ್ಲೈ ಪಿಕಿಂಗ್’, ಆಮೇಲೆ ಮುಖ್ಯ ಕುಯ್ಲು, ಕೊನೆಗೆ ಉಳಿದದ್ದನ್ನೆಲ್ಲ ಸೆಳೆದುಕೊಳ್ಳುವ ‘ಸ್ಟ್ರಿಪ್ಪಿಂಗ್’. ಅದೂ ಮುಗಿದ ಮೇಲೆ ನೆಲಕ್ಕೆ ಬಿದ್ದ ಹಣ್ಣನ್ನು ಒಂದೊಂದಾಗಿ ಆಯಬೇಕು. ಆಯದೆ ಬಿಟ್ಟರೆ 1990ರಿಂದ ನಮ್ಮ ದೇಶದಲ್ಲಿ ಕಾಣಿಸಿಕೊಂಡಿರುವ ಕಾಯಿಕೊರಕ ಹುಳು ಮುಂದಿನ ವರ್ಷದ ಬೆಳೆಗೆ ಕಾದು ಕೂತಿರುತ್ತದೆ. ಸೊಂಟಕ್ಕೆ ಚೀಲ ಕಟ್ಟಿ, ಎಡಗೈಯಲ್ಲಿ ರೆಕ್ಕೆ ಬಗ್ಗಿಸಿ ಹಿಡಿದು, ಬಲಗೈಯ ಎರಡು ಬೆರಳಲ್ಲಿ ತೊಟ್ಟು ಮುರಿಯದಂತೆ ಹಣ್ಣನ್ನು ತಿರುಚಿ ತೆಗೆಯುತ್ತಾರೆ. ತೊಟ್ಟಿನ ಜಾಗ ಸೀಳಿದರೆ ಬರುವ ವರ್ಷ ಅಲ್ಲಿ ಹೂವಿಲ್ಲ. ಕಣ್ಣು ಬಣ್ಣವನ್ನು ನೋಡಿ ತೀರ್ಮಾನಿಸುವ ಮೊದಲೇ ಬೆರಳು ತೀರ್ಮಾನಿಸಿರುತ್ತದೆ. ಜಿಗಣೆ, ಚುಳ್ಳಿ ಇರುವೆ, ಸಕಲೇಶಪುರ ಮೂಡಿಗೆರೆಯ ಕಡೆ ಆನೆಯ ಭಯ, ಇವೆಲ್ಲದರ ನಡುವೆ ಆ ಬೆರಳಿನ ಕೆಲಸ ನಡೆಯುತ್ತದೆ. ಸಂಜೆ ಕಣದ ಹತ್ತಿರ ಸಾಲು ನಿಂತು ಚೀಲ ಸುರಿದು, ಕಾಯಿ ಬೇರೆ ಹಣ್ಣು ಬೇರೆ ಮಾಡಿ ತೂಕ ಹಾಕಿಸುತ್ತಾರೆ. ರೈಟರ್ ಪುಸ್ತಕದಲ್ಲಿ ಹೆಸರಿನ ಮುಂದೆ ಕೆ.ಜಿ. ಬರೆದುಕೊಳ್ಳುತ್ತಾರೆ. ಇಡೀ ಕಾಫಿ ವ್ಯವಹಾರದಲ್ಲಿ ಹಣ್ಣು ಬಿಡಿಸಿದವರ ಹೆಸರು ದಾಖಲಾಗುವುದು ಆ ಪುಸ್ತಕದಲ್ಲಿ ಮಾತ್ರ.

ಮುಂದಿನ ಕೆಲಸದಲ್ಲೂ ಅವಸರವಿದೆ. ಕೊಯ್ದ ದಿನವೇ ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಬೇಕು. ಅರೇಬಿಕಾ ಬೀಜವನ್ನು ತೊಟ್ಟಿಯಲ್ಲಿ ಒಂದು, ಒಂದೂವರೆ ದಿನ ಹುದುಗಲು ಬಿಟ್ಟು ಲೋಳೆ ತೊಳೆಯಬೇಕು. ತೆಳ್ಳಗೆ ಹರವಿ, ಗಂಟೆಗೊಮ್ಮೆ ಕೈಯಾಡಿಸಿ, ರಾತ್ರಿ ಇಬ್ಬನಿ ತಾಗದಂತೆ ಮುಚ್ಚಿ, ತೇವಾಂಶ ಶೇ 10ರ ಹತ್ತಿರಕ್ಕೆ ಬರುವವರೆಗೆ ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಸಿಪ್ಪೆಸಮೇತ ಇಡಿಯಾಗಿ ಒಣಗಿಸಿದರೆ ಚೆರಿ. ಹಿಂದೆ ಚೆರಿ ಎಂದರೆ ಎರಡನೇ ದರ್ಜೆ. ಈಗ ಸ್ಪೆಷಾಲಿಟಿಯವರು ಮಾಗಿದ ಹಣ್ಣನ್ನಷ್ಟೇ ಆರಿಸಿ ಎತ್ತರದ ಬಲೆಮಂಚಗಳ ಮೇಲೆ ನಿಧಾನವಾಗಿ ಒಣಗಿಸಿ ಅದಕ್ಕೆ ‘ನ್ಯಾಚುರಲ್’ ಎಂದು ಹೆಸರಿಟ್ಟು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಲೋಳೆಯನ್ನು ಅರ್ಧ ಉಳಿಸಿದರೆ ‘ಹನಿ’. ಗಾಳಿಯಾಡದ ಡ್ರಮ್ಮಿನಲ್ಲಿ ಹುದುಗಿಸುವ ಹೊಸ ಪ್ರಯೋಗಗಳೂ ನಡೆದಿವೆ. ಅವುಗಳಲ್ಲಿ ಕೆಲವು ಕಾಫಿಗಿಂತ ಹಣ್ಣಿನ ರಸವನ್ನೇ ಹೆಚ್ಚು ನೆನಪಿಸುತ್ತವೆ, ನನಗೆ ಅಷ್ಟೇನೂ ಸೇರಲಿಲ್ಲ.

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆ ಹೋದರೆ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಸಿಗುತ್ತದೆ. ಎಲೆ ತುಕ್ಕು ರೋಗ ಸಿಂಹಳದ ತೋಟಗಳನ್ನು 1869ರಿಂದ ತಿಂದುಹಾಕಿ ಆ ದ್ವೀಪವನ್ನೇ ಟೀ ದೇಶ ಮಾಡಿತು. ಇಲ್ಲಿಗೂ ಅದು ಬಂದು ಎಷ್ಟೋ ವರ್ಷಗಳ ಮೇಲೆ ಮೈಸೂರು ಸರ್ಕಾರ, ಲೆಸ್ಲಿ ಕೋಲ್ಮನ್ ಕೃಷಿ ನಿರ್ದೇಶಕರಾಗಿದ್ದ ಕಾಲದಲ್ಲಿ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಪ್ರಯೋಗ ಕ್ಷೇತ್ರ ತೆರೆಯಿತು. ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್ ಆರಿಸಿದ ಗಿಡಕ್ಕೂ, ಅರೇಬಿಕಾ-ಲೈಬೀರಿಕಾ ಬೆರಕೆಯಿಂದ ಬಂದ ಇನ್ನೊಂದು ಗಿಡಕ್ಕೂ ಸಂಕರ ಮಾಡಿ ಅಲ್ಲಿ ರೂಪಿಸಿದ ಎಸ್. 795 ತಳಿ 1940ರ ದಶಕದಲ್ಲಿ ತೋಟಗಳಿಗೆ ಬಂತು. ಪೊಟ್ಟಣದ ಮೇಲೆ ಆ ಸಂಖ್ಯೆಯನ್ನು ನೀವು ಈಗಲೂ ನೋಡಬಹುದು. ಇಂಡೋನೇಷ್ಯಾದಲ್ಲೂ ಅದೇ ತಳಿ ಬೆಳೆಯುತ್ತಾರೆ. 2007ರಲ್ಲಿ ಬಂದ ‘ಚಂದ್ರಗಿರಿ’ಯೂ ಅಲ್ಲಿಯದೇ. ವಿಜ್ಞಾನಿಗಳ ಈ ಕೆಲಸ ಸುದ್ದಿಯಾಗುವುದು ಕಡಿಮೆ. ಬಿಳಿ ಕಾಂಡಕೊರಕ ಎಂಬ ಹುಳು ಮಾತ್ರ ಇನ್ನೂ ಅವರಿಗೆ ಪೂರ್ತಿ ಬಗ್ಗಿಲ್ಲ.

ಇನ್ನು ರುಚಿ ನೋಡುವ ಮೇಜು. ಅದಕ್ಕೆ ಕಪ್ಪಿಂಗ್ ಎನ್ನುತ್ತಾರೆ. ಒಂದೊಂದು ಬಟ್ಟಲಿಗೆ ಅಳೆದು ತೂಗಿದ ಪುಡಿ, ಮೊದಲು ಒಣ ಪುಡಿಯ ವಾಸನೆ, ಆಮೇಲೆ ಬಿಸಿನೀರು, ನಾಲ್ಕು ನಿಮಿಷದ ಮೇಲೆ ಮೇಲ್ಪದರವನ್ನು ಚಮಚದಿಂದ ಒಡೆದು ಮೂಗು ಹತ್ತಿರ ತರುವುದು, ಸ್ವಲ್ಪ ಆರಿದ ಮೇಲೆ ಸೊರ್ರೆಂದು ಹೀರುವುದು. ನಮ್ಮ ಮನೆಗಳಲ್ಲಿ ಹಾಗೆ ಸದ್ದು ಮಾಡಿದರೆ ಅಜ್ಜಿ ಬೈಯುತ್ತಾರೆ, ಅಲ್ಲಿ ಮಾಡದಿದ್ದರೆ ಗುರುಗಳು ಬೈಯುತ್ತಾರೆ. ವಾಸನೆ, ಹುಳಿ, ಸಿಹಿ, ನಾಲಗೆಯ ಮೇಲಿನ ಭಾರ, ಕೊನೆಗೆ ಉಳಿಯುವ ರುಚಿ ಎಲ್ಲಕ್ಕೂ ಅಂಕವಿಟ್ಟು, ನೂರಕ್ಕೆ 80 ದಾಟಿದ್ದನ್ನು ಸ್ಪೆಷಾಲಿಟಿ ಎನ್ನುವುದು ರೂಢಿ. ಹಾಲಿಲ್ಲದ ಆ ತಿಳಿ ಕಾಫಿಯನ್ನು ನಮ್ಮ ಕಡೆಯವರಿಗೆ ಕೊಟ್ಟರೆ ಮೊದಲ ಗುಟುಕಿಗೇ ‘ಇದೇನ್ರೀ ಹುಳಿ ಬಂದೈತೆ’ ಎನ್ನುತ್ತಾರೆ. ಆ ಹುಳಿಗೇ ಅಲ್ಲಿ ಅಂಕ. ಅಂಕ ಹಾಕುವ ಪದ್ಧತಿ ಅಮೆರಿಕದ ಕೊಳ್ಳುವವರ ನಾಲಗೆಯಿಂದ ಹುಟ್ಟಿದ್ದು ಎಂಬುದನ್ನು ಮರೆಯಬೇಕಾಗಿಲ್ಲ. ಎರಡು ಲೋಟ ಕುಡಿದ ಮೇಲೆ ಅದರ ಒಳಗಿನ ಕಿತ್ತಳೆ, ಬೆಲ್ಲ, ಏಲಕ್ಕಿಯ ನೆರಳು ಗೊತ್ತಾಗಲು ಶುರುವಾಗುತ್ತದೆ ಎಂಬುದೂ ಅಷ್ಟೇ ನಿಜ.

ಹಾಗೆಂದು ಫಿಲ್ಟರ್ ಕಾಫಿ ಕುಡಿಯುವವರನ್ನು ಕೀಳಾಗಿ ನೋಡುವ ಹೊಸ ಮಡಿವಂತಿಕೆಯನ್ನು ನಾನು ಒಪ್ಪುವುದಿಲ್ಲ. ಒಳ್ಳೆಯದೆಲ್ಲ ಹಡಗು ಹತ್ತಿ ಹೋಗುತ್ತಿದ್ದ ಕಾಲದಲ್ಲಿ, ಉಳಿದ ಕಾಫಿಗೆ ಗುಜರಾತಿನ ಚಿಕೋರಿ ಬೆರೆಸಿ, ಗಟ್ಟಿ ಹಾಲು ಹಾಕಿ ನಮ್ಮ ಹೆಂಗಸರು ಒಂದು ರುಚಿಯನ್ನೇ ಕಟ್ಟಿದರು. ಚಿಕೋರಿ ಬೆರೆಸಿದ ಕಾಫಿಪುಡಿಯಲ್ಲಿ ಶೇ 51ಕ್ಕಿಂತ ಕಡಿಮೆ ಕಾಫಿ ಇರಬಾರದೆಂದು ಕಾನೂನಿದೆ. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಓದಿ ಕೊಳ್ಳಿ. ಹಾಲು ಹಾಕಿದರೂ ಎದ್ದು ನಿಲ್ಲುವುದು ರೊಬಸ್ಟಾ. ಭಾರತದ ಬೆಳೆಯಲ್ಲಿ ಹತ್ತಿರ ಹತ್ತಿರ ಶೇ 70 ಅದೇ. ದೇಶದ ಕಾಫಿಯಲ್ಲಿ ಶೇ 70ರಷ್ಟು ಕರ್ನಾಟಕದ್ದು. ತೊಳೆದು ಜತನವಾಗಿ ಸಿದ್ಧಪಡಿಸಿದ ನಮ್ಮ ‘ರೊಬಸ್ಟಾ ಕಾಪಿ ರಾಯಲ್’ ದರ್ಜೆಯನ್ನು ಇಟಲಿಯವರು ಎಸ್ಪ್ರೆಸೊಗೆಂದು ಹುಡುಕಿಕೊಂಡು ಕೊಳ್ಳುತ್ತಾರೆ. ಅರೇಬಿಕಾ ಮೇಲು, ರೊಬಸ್ಟಾ ಕೀಳು ಎಂಬ ಮಾತನ್ನು ಮೊದಲು ಬಿಡಬೇಕಾದವರು ನಾವು.

ಈಗ ಮೊದಲಿನ ಪ್ರಶ್ನೆ, ಹೆಸರು ತೋಟದ ಗೇಟಿನ ಹತ್ತಿರವೇ ಯಾಕೆ ನಿಂತಿತು ಎಂಬುದು. ಒಂದು ಕೆ.ಜಿ. ಕಾಫಿ ಬೀಜಕ್ಕೆ ಸುಮಾರು 6 ಕೆ.ಜಿ. ಹಣ್ಣು ಬೇಕು. ಹುರಿದಾಗ ತೂಕ ಮತ್ತೆ ಇಳಿಯುತ್ತದೆ. ಅಂದರೆ ಆ 500 ರೂಪಾಯಿಯ ಕಾಲು ಕೆ.ಜಿ. ಪೊಟ್ಟಣದಲ್ಲಿ ಹೆಚ್ಚುಕಡಿಮೆ 1.8 ಕೆ.ಜಿ. ಹಣ್ಣಿದೆ. ಹಣ್ಣು ಬಿಡಿಸುವ ಕೂಲಿ ಸಾಮಾನ್ಯವಾಗಿ ಕೆ.ಜಿ. ಲೆಕ್ಕ, ಅದೂ ಕೆಲವೇ ರೂಪಾಯಿ. ತೂಕಕ್ಕೆ ಕೂಲಿ ಎಂದರೆ ವೇಗಕ್ಕೆ ಕೂಲಿ. ಮಾಗಿದ ಹಣ್ಣನ್ನಷ್ಟೇ ಆರಿಸು ಎಂದರೆ ದಿನದ ತೂಕ ಅರ್ಧಕ್ಕೆ ಇಳಿಯುತ್ತದೆ. ಆ ನಷ್ಟವನ್ನು ಯಾರು ತುಂಬಬೇಕು? ತಿಳಿದ ಬೆಳೆಗಾರರು ಸ್ಪೆಷಾಲಿಟಿ ಕುಯ್ಲಿಗೆ ದಿನಗೂಲಿಯನ್ನೇ ಕೊಡುತ್ತಾರೆ, ಅಥವಾ ಹಣ್ಣಿನ ಗುಣಕ್ಕೆ ಮೇಲೊಂದಿಷ್ಟು ಸೇರಿಸುತ್ತಾರೆ. ಎಲ್ಲರೂ ಕೊಡುವುದಿಲ್ಲ. ನಾನು ಇಲ್ಲಿ ಬೆಳೆಗಾರರನ್ನು ಕಟಕಟೆಗೆ ನಿಲ್ಲಿಸುತ್ತಿಲ್ಲ. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಜನ ಸಣ್ಣ ಹಿಡುವಳಿದಾರರು. ಎಷ್ಟೋ ಮನೆಗಳಲ್ಲಿ ಯಜಮಾನತಿಯೂ ಆಳುಗಳ ಜೊತೆ ಚೀಲ ಕಟ್ಟುತ್ತಾಳೆ. ಅಕಾಲ ಮಳೆಗೆ ಹಣ್ಣು ಉದುರಿದರೆ, 2018ರ ಆಗಸ್ಟಿನಲ್ಲಿ ಕೊಡಗಿನಲ್ಲಾದಂತೆ ಗುಡ್ಡವೇ ಜರಿದರೆ, ಕೇಳುವವರಿಲ್ಲ. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬರ ಬಂದು 2024-25ರಲ್ಲಿ ಬೆಲೆ ದಾಖಲೆ ಮಟ್ಟಕ್ಕೆ ಏರಿದಾಗ ಅವರ ಮುಖದಲ್ಲಿ ನಗು ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಆದರೆ ಬೆಳೆಗಾರನ ಕತೆ ಹೇಳಲು ಜನ ಇದ್ದಾರೆ. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರಿನ ಬಗ್ಗೆ ಒಂದು ದಪ್ಪ ಪುಸ್ತಕ ಬರೆದ. ಅದರ ಶೀರ್ಷಿಕೆಯಲ್ಲೇ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬರೆದ ಪೂರ್ಣಚಂದ್ರ ತೇಜಸ್ವಿ ಆ ಸೀಮೆಯನ್ನು ಕನ್ನಡದ ಪ್ರತಿ ಓದುಗನಿಗೂ ಪರಿಚಯಿಸಿದರು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರು ಮಾಡಿದ ವಿ.ಜಿ. ಸಿದ್ಧಾರ್ಥ ಚಿಕ್ಕಮಗಳೂರಿನ ಕಾಫಿಯನ್ನು ದೇಶದ ಹುಡುಗ-ಹುಡುಗಿಯರ ಭೇಟಿಯ ಜಾಗವಾಗಿಸಿದರು. ಹಣ್ಣು ಬಿಡಿಸಿದವರು ತಾವೇ ಹೇಳಿದ ಕತೆ ಎಲ್ಲಿದೆ? ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ, ನಮ್ಮ ಬಯಲಿನಿಂದ, ಈಗ ಅಸ್ಸಾಂ, ಜಾರ್ಖಂಡ್‌ಗಳಿಂದ, ಪೀಳಿಗೆ ಪೀಳಿಗೆ ಜನ ಬಂದು ಹೋಗಿದ್ದಾರೆ. ಮುಂಗಡ ಕೊಟ್ಟು ಕರೆದೊಯ್ಯುವ ಮೇಸ್ತ್ರಿ, ಶಾಲೆ ತಪ್ಪಿದ ಮಕ್ಕಳು, ಊರಲ್ಲಿ ಮುದುಕರ ಸುಪರ್ದಿಗೆ ಬಿಟ್ಟು ಹೋದ ಎಮ್ಮೆ, ವಾಪಸು ಬಂದಾಗ ತೀರಿದ ಸಾಲ ಅಥವಾ ತೀರದ ಸಾಲ, ಇದೆಲ್ಲ ಕಾಫಿಯ ಚರಿತ್ರೆಯೇ. ತೋಟ ಕಾರ್ಮಿಕರ ಕಾಯ್ದೆ 1951ರಲ್ಲೇ ಬಂದಿತ್ತು. ಮನೆ, ಆಸ್ಪತ್ರೆ, ಕೂಸುಗಳ ಕೋಣೆ ಎಂದೆಲ್ಲ ಅದರಲ್ಲಿತ್ತು. ಎರಡು-ಮೂರು ತಿಂಗಳಿಗೆಂದು ಬಂದುಹೋಗುವವರಿಗೆ, ಅದರಲ್ಲೂ ಸಣ್ಣ ತೋಟಗಳಲ್ಲಿ ದುಡಿಯುವವರಿಗೆ ಅದು ತಲುಪುವುದು ಕಷ್ಟವಾಗಿತ್ತು.

ನೀರಿನ ಮಾತನ್ನೂ ಸೇರಿಸಿಬಿಡುತ್ತೇನೆ, ಅದು ನಮಗೆ ನೇರವಾಗಿ ಸಂಬಂಧಿಸಿದ್ದು. ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಕಳಸ, ಬಾಳೆಹೊನ್ನೂರುಗಳ ಕಾಫಿ ಸೀಮೆಯನ್ನು ಹಾದು ಲಕ್ಕವಳ್ಳಿಯ ಅಣೆಕಟ್ಟೆಗೆ ಬರುತ್ತಾಳೆ. ಅಲ್ಲಿಂದ ನಾಲೆಯಲ್ಲಿ ನಮ್ಮ ತಾಲ್ಲೂಕಿನ ಭತ್ತದ ಗದ್ದೆಗೂ, ದಾವಣಗೆರೆಗೆ ಕುಡಿಯುವ ನೀರು ಕೊಡುವ ಕುಂದುವಾಡ ಕೆರೆಗೂ ಬರುತ್ತಾಳೆ. ತೋಟದ ಆ ದೊಡ್ಡ ಮರಗಳು ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದ ನಮಗೆ ಉಪಕಾರ. ಪಲ್ಪಿಂಗ್ ಮಾಡಿದ ಹುಳಿ ನೀರನ್ನು ಶುದ್ಧ ಮಾಡದೆ ಹಳ್ಳಕ್ಕೆ ಬಿಟ್ಟರೆ ಅಪಕಾರ. ಕಡಿಮೆ ನೀರಿನಲ್ಲಿ ಕೆಲಸ ಮಾಡುವ ಯಂತ್ರಗಳು ಬಂದಿವೆ, ನೀರೇ ಬೇಡದ ನ್ಯಾಚುರಲ್ ವಿಧಾನಕ್ಕೆ ಈಗ ಬೆಲೆಯೂ ಬಂದಿದೆ. ನಾಲೆಯ ಕೊನೆಯಲ್ಲಿ ನೀರಿಗಾಗಿ ಕಾಯುವ ನಮ್ಮ ರೈತ, ಮೇಲೆ ನೆರಳಿನ ಮರ ಕಡಿಯದೆ ಕಾಫಿ ಬೆಳೆಯುವವನಿಗೆ ಋಣಿ. ಸಿಲ್ವರ್ ಓಕ್ ಒಂದನ್ನೇ ನೆಟ್ಟು ಉಳಿದ ಮರ ಉರುಳಿಸುವವನ ಮೇಲೆ ನಮ್ಮ ತಕರಾರಿದೆ.

ಕೊನೆಯದಾಗಿ ಇಲ್ಲಿನ ಕಾಲೇಜಿನವರಿಗೂ ದತ್ತಿಯನ್ನು ಸ್ಥಾಪಿಸಿದ ಕುಟುಂಬದವರಿಗೂ ಒಂದು ಕೋರಿಕೆ. ರೊಬಸ್ಟಾ ಕುಯ್ಲು ಮುಗಿಸಿ ಯುಗಾದಿಯ ಹೊತ್ತಿಗೆ ಗುಳೆ ಹೋದವರು ಊರಿಗೆ ಬರುತ್ತಾರೆ. ಆಗ ವಿದ್ಯಾರ್ಥಿಗಳು ಒಂದು ನೋಟ್‌ಪುಸ್ತಕ, ಒಂದು ಮೊಬೈಲು ಹಿಡಿದು ಅವರ ಮನೆಗಳಿಗೆ ಹೋಗಲಿ. ಯಾವ ವರ್ಷದಿಂದ ಹೋಗುತ್ತಿದ್ದೀರಿ, ಯಾವ ಸೀಮೆಗೆ, ಮೊದಲು ಕರೆದೊಯ್ದವರು ಯಾರು, ಆಗ ಕೂಲಿ ಎಷ್ಟಿತ್ತು, ಲೈನ್ ಮನೆ ಹೇಗಿತ್ತು, ಹಣ್ಣು ಮಾಗಿದೆ ಎಂದು ಬೆರಳಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿ ಬರೆದುಕೊಳ್ಳಲಿ. ಲಂಬಾಣಿಯಲ್ಲಿ ಹೇಳಿದರೆ ಲಂಬಾಣಿಯಲ್ಲೇ ದಾಖಲಿಸಿ ಕನ್ನಡ ಮಾಡಲಿ. ಎಪ್ಪತ್ತು ದಾಟಿದ ಅಜ್ಜಿಯರ ಮನೆಗೆ ಮೊದಲು ಹೋಗಬೇಕು, ಅವರಲ್ಲಿ ಪೂಲ್ ಕಾಲದ ತೋಟಗಳನ್ನು ಕಂಡವರಿದ್ದಾರೆ. ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ನನ್ನಂಥ ಮೇಷ್ಟ್ರ ಬದಲು ಅವರಲ್ಲಿ ಒಬ್ಬರನ್ನು ಕರೆದು ಈ ಕುರ್ಚಿಯಲ್ಲಿ ಕೂರಿಸಿ, ಗೌರವಧನವನ್ನು ಅವರಿಗೇ ಕೊಡಿ. ಪ್ರಶ್ನೆ ಕೇಳುವವರ ಸಾಲಿನಲ್ಲಿ ನಾನೂ ಇರುತ್ತೇನೆ.